‘ಅವಳ ಮೇಲೆಯೇ ಕೇಸುಂಟಲ್ಲ!’

ಹೆಣ್ಣೊಬ್ಬಳ ಮೇಲೆ ಹಿಂದೆ ಕಳ್ಳತನದ್ದೋ ಗಾಂಜಾದ್ದೋ ಕೇಸು ಇದ್ದರೆ ನಮ್ಮಲ್ಲೊಂದು ಮಾತು ಬರುತ್ತದೆ: ‘ಅವಳ ಮೇಲೆಯೇ ಕೇಸುಂಟಲ್ಲ ಮಾರಾಯ್ರೆ, ಸ್ಟೇಷನ್‌ನಲ್ಲಿ ಅವಳ ಮಾತು ಯಾರು ಕೇಳ್ತಾರೆ?’ ಅತ್ಯಾಚಾರ ಮಾಡುವವನಿಗೂ ಈ ಲೆಕ್ಕ ಚೆನ್ನಾಗಿ ಗೊತ್ತುಂಟು.

ಹೆಸರು ಕೆಡಿಸಿದರೆ ದೂರು ಹೇಗೆ ಸಾಯುತ್ತದೆ ಎಂಬುದಕ್ಕೆ 1978ರ ಹೈದರಾಬಾದ್ ಪ್ರಕರಣ ಸಾಕು. ರಾತ್ರಿ ಸಿನೆಮಾ ನೋಡಿ ಮರಳುತ್ತಿದ್ದ ಬಡ ಮುಸ್ಲಿಂ ಮಹಿಳೆಯನ್ನು ಪೊಲೀಸರು ನಲ್ಲಕುಂಟ ಠಾಣೆಗೆ ಕರೆದೊಯ್ದರು. ಅಲ್ಲಿ ಅತ್ಯಾಚಾರವಾಯಿತು. ಪ್ರತಿಭಟಿಸಿದ ಗಂಡ, ಒಬ್ಬ ರಿಕ್ಷಾ ತುಳಿಯುವವ, ಹೊಡೆತ ತಿಂದು ಸತ್ತ. ಊರೇ ಎದ್ದಿತು, ಗೋಲಿಬಾರ್ ಆಯಿತು. ಪೊಲೀಸರ ಕಡೆಯವರು ಹೇಳಿದ್ದೇನು? ಆಕೆ ವೇಶ್ಯೆ, ಆತನೊಂದಿಗಿನ ಮದುವೆಯೇ ಸರಿಯಿಲ್ಲ ಅಂತ! ನ್ಯಾಯಮೂರ್ತಿ ಮುಕ್ತದರ್ ಆಯೋಗ ಅದನ್ನು ಒಪ್ಪದೆ ಪೊಲೀಸರೇ ತಪ್ಪಿತಸ್ಥರೆಂದಿತು. ಆದರೆ ವಿಚಾರಣೆ ನಮ್ಮ ರಾಯಚೂರಿಗೆ ವರ್ಗವಾಗಿ, 1981ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು.

ಆಗಿನ ಸಾಕ್ಷ್ಯ ಕಾಯ್ದೆಯಲ್ಲೇ ದೂರುದಾರಳು ‘ನಡತೆಗೆಟ್ಟವಳು’ ಎಂದು ತೋರಿಸಲು ಅವಕಾಶವಿತ್ತು. ಅದನ್ನು ತೆಗೆದುಹಾಕಿದ್ದು 2002ರ ತಿದ್ದುಪಡಿಯಲ್ಲಿ. ಅಷ್ಟು ತಡ! ಹೆಂಗಸಿನ ನಡತೆ ಹೇಗೇ ಇರಲಿ, ಆಕೆಯ ಮೈಮೇಲೆ ಕೈಹಾಕುವ ಹಕ್ಕು ಯಾರಿಗೂ ಇಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿತ್ತು. ಅದೂ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರನ ಪ್ರಕರಣದಲ್ಲಿ.

ಈಗ ಕಾನೂನು ಹೀಗುಂಟು. ದೂರು ಕೊಡುವವಳ ಮೇಲೆ ಹಳೇ ಕೇಸಿದೆ ಎಂಬ ಕಾರಣಕ್ಕೆ ಎಫ್‌ಐಆರ್ ನಿರಾಕರಿಸುವಂತಿಲ್ಲ. ಅತ್ಯಾಚಾರದ ದೂರು ದಾಖಲಿಸದ ಪೊಲೀಸರಿಗೆ ಆರು ತಿಂಗಳಿಂದ ಎರಡು ವರ್ಷ ಜೈಲುಂಟು. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಗೂ ಹೋಗಬಹುದು. ಹೇಳಿಕೆ ಬರೆದುಕೊಳ್ಳಬೇಕಾದ್ದು ಮಹಿಳಾ ಅಧಿಕಾರಿ. ಪ್ರತಿ ಉಚಿತ, ಕೇಳಿ ತೆಗೆದುಕೊಳ್ಳಿ.

ಹಳೇ ಕೇಸನ್ನು ವಕೀಲರಿಂದ ಮಾತ್ರ ಮುಚ್ಚಿಡಬೇಡಿ. ಪಾಟೀಸವಾಲಿನಲ್ಲಿ ಅದು ಬಂದೀತು; ಮೊದಲೇ ಗೊತ್ತಿದ್ದರೆ ಅವರು ತಯಾರಾಗಿರುತ್ತಾರೆ. ಸಂತ್ರಸ್ತೆಯ ಹಿಂದಿನ ಲೈಂಗಿಕ ಸಂಬಂಧಗಳನ್ನು ಎತ್ತಿ, ಒಪ್ಪಿಗೆ ಇತ್ತೆಂದು ವಾದಿಸುವಂತಿಲ್ಲ. ವಕೀಲರಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಂಟು, ಹೆಂಗಸರಿಗೆ ಅಲ್ಲಿ ಆದಾಯದ ಮಿತಿ ಇಲ್ಲ.

ಠಾಣೆಯಲ್ಲಿ ವಾಪಸ್ ಕಳಿಸಿದರೆ ದೂರನ್ನು ಬರೆದು ಎಸ್‌ಪಿಗೆ, ಮಂಗಳೂರು ನಗರದಲ್ಲಾದರೆ ಕಮಿಷನರಿಗೆ ಅಂಚೆಯಲ್ಲಿ ಕಳುಹಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಜೊತೆಗೆ ಮನೆಯವರು ಯಾರಾದರೂ ಒಬ್ಬರು ಹೋಗಿ, ಉಮ್ಮನೋ, ಅಕ್ಕನೋ.