ಮಂಡ್ಯದ ಲಿಥಿಯಂ: 14,100 ಟನ್ನೋ, 1,600 ಟನ್ನೋ?

ನಮ್ಮ ಜಿಲ್ಲೆಯಲ್ಲಿ ಲಿಥಿಯಂ ‘ಪತ್ತೆ’ಯಾಗಿರೋದು ಒಂದು ಸಲ ಅಲ್ಲ, ಎರಡು ಸಲ. 2020ರ ಫೆಬ್ರವರಿಯಲ್ಲಿ ಬಂದ ಸುದ್ದಿ ಪ್ರಕಾರ 14,100 ಟನ್. 2024ರ ಜುಲೈನಲ್ಲಿ ಬಂದ ಸುದ್ದಿ ಪ್ರಕಾರ 1,600 ಟನ್. ಎರಡೂ ಸಲ ಸುದ್ದಿಯಾಗಿದ್ದು ಒಂದೇ ಜಾಗ, ಮರಳಗಾಲ–ಅಲ್ಲಾಪಟ್ಟಣದ ಸುತ್ತಮುತ್ತ. ಹಾಗಾದ್ರೆ ಉಳಿದ 12,500 ಟನ್ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಎರಡು ಅಂಕಿಗಳನ್ನು ಹೇಳಿದವರು ಬೇರೆ, ಅಳೆದ ರೀತಿ ಬೇರೆ. ಟೆಕ್ನಾಲಜಿ ಸುದ್ದಿ ಓದೋದು ಹೇಗೆ ಅಂತ ಕಲಿಯೋಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗೋದಿಲ್ಲ.

ಮೊದಲನೇ ಅಂಕಿ ಬಂದಿದ್ದು ಪಿಟಿಐ ವರದಿಯಿಂದ. ಸರ್ವೆ ಮಾಡಿದ್ದು ಪರಮಾಣು ಖನಿಜ ನಿರ್ದೇಶನಾಲಯ. ಆದರೆ ಪಿಟಿಐಗೆ ಅಂಕಿ ವಿವರಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಬ್ಯಾಟರಿ ತಜ್ಞ, ಪ್ರೊ. ಎನ್. ಮುನಿಚಂದ್ರಯ್ಯ. ಸುಮಾರು 5 ಕಿ.ಮೀ. ಉದ್ದ, ಅರ್ಧ ಕಿ.ಮೀ. ಅಗಲದ ಜಾಗದಲ್ಲಿ 30,300 ಟನ್ ಲಿಥಿಯಂ ಆಕ್ಸೈಡ್ ಇದೆಯೆಂಬ ಅಂದಾಜು. ಅದನ್ನು ಲೋಹಕ್ಕೆ ಪರಿವರ್ತಿಸಿದರೆ 14,100 ಟನ್. ಈ ಲೆಕ್ಕ ನೀವೇ ಮಾಡಿ ನೋಡಿ. ಲಿಥಿಯಂ ಆಕ್ಸೈಡ್‌ನ ತೂಕದಲ್ಲಿ ಲಿಥಿಯಂ ಪಾಲು ಶೇ. 46ರಷ್ಟು. ಉತ್ತರ ಸರಿಯಾಗೇ ಬರುತ್ತೆ.

ಎಡವೋದು ಇಲ್ಲೇ. ಗುಣಾಕಾರ ಸರಿ ಇದ್ದ ಮಾತ್ರಕ್ಕೆ 30,300 ಸರಿ ಅಂತ ಆಗಲ್ಲ. ಇಲ್ಲಿ ಲಿಥಿಯಂ ಇರೋದು ಪೆಗ್ಮಟೈಟ್ ಅನ್ನೋ ಬಂಡೆಯಲ್ಲಿ. ಅದು ಸುತ್ತಲಿನ ಕಲ್ಲಿನೊಳಗೆ ಪಟ್ಟಿ ಪಟ್ಟಿಯಾಗಿ ಹರಡಿರುತ್ತೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಮತ್ತೊಂದು ಕಡೆ ಮಾಯ. ಅದು ನೆಲದಡಿ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು ಡ್ರಿಲ್ಲಿಂಗ್ ಮಾಡದೆ ಗೊತ್ತಾಗಲ್ಲ.

ಎರಡನೇ ಅಂಕಿ ನಿರ್ದೇಶನಾಲಯದ್ದೇ. ಪರಮಾಣು ಇಂಧನ ಇಲಾಖೆಯ ರಾಜ್ಯ ಸಚಿವ ಜಿತೇಂದ್ರ ಸಿಂಗ್ 2021ರಲ್ಲೇ ಅದನ್ನು ಸಂಸತ್ತಿಗೆ ಕೊಟ್ಟಿದ್ದರು. ಮೇಲ್ಮೈ ಸರ್ವೆ ಮತ್ತು ಸೀಮಿತ ಭೂಗರ್ಭ ಶೋಧನೆಯಿಂದ ಸಿಕ್ಕಿದ್ದು 1,600 ಟನ್, ಅದೂ ‘ಊಹಿತ’ ದರ್ಜೆಯಲ್ಲಿ. 2024ರಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲೂ ಅದೇ 1,600, ಪಕ್ಕದಲ್ಲಿ ‘ಜಿ3 ಹಂತ’ ಅಂತ ಟಿಪ್ಪಣಿ. ಮೂರು ವರ್ಷ ಹಳೇ ಅಂಕಿ ಹೊಸ ಶೋಧವಾಗಿ ಹೆಡ್‌ಲೈನ್ ಆಯ್ತು. ಜಿ3 ಅನ್ನೋದು ಓದುಗರ ಕಣ್ಣಿಗೆ ಬೀಳಲೇ ಇಲ್ಲ.

ಖನಿಜ ಶೋಧನೆಯಲ್ಲಿ ನಾಲ್ಕು ಹಂತ. ಜಿ4 ಅಂದ್ರೆ ಸುಮ್ಮನೆ ಸುತ್ತಾಡಿ ನೋಡಿದ್ದು. ಜಿ3 ಪ್ರಾಥಮಿಕ, ಜಿ2 ಸಾಮಾನ್ಯ, ಜಿ1 ವಿವರವಾದ ಶೋಧನೆ. ಜಿ3ರಲ್ಲಿ ಹೇಳೋದು ‘ಇರಬಹುದು’ ಅನ್ನೋದನ್ನ. ತೆಗೆದರೆ ಲಾಭ ಬರುತ್ತಾ ಅನ್ನೋದು ಬೇರೆಯದೇ ಪ್ರಶ್ನೆ.

ಇನ್ನೊಂದು ಸಣ್ಣ ಲೆಕ್ಕ. 30 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸಣ್ಣ ಕಾರಿಗೆ ಸುಮಾರು 4 ಕೆ.ಜಿ. ಲಿಥಿಯಂ ಬೇಕು ಅಂತಿಟ್ಕೊಳ್ಳಿ. 1,600 ಟನ್ನಲ್ಲಿ ಒಂದು ಗ್ರಾಂ ಪೋಲಾಗದೆ ಕೈಗೆ ಬಂದರೂ 4 ಲಕ್ಷ ಕಾರು. 14,100 ಟನ್ನೇ ಇದ್ದರೂ 35 ಲಕ್ಷ. 2023–24ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳೇ 42 ಲಕ್ಷ. ‘ಮಂಡ್ಯ ದೇಶದ ಹಣೆಬರಹ ಬದಲಿಸುತ್ತೆ’ ಅನ್ನೋ ಮಾತು ಎರಡೇ ಸಾಲಿನ ಲೆಕ್ಕಕ್ಕೆ ನಿಲ್ಲಲ್ಲ.

ಲಿಥಿಯಂ ಸುದ್ದಿಗೆ ಕನಿಷ್ಠ ಒಂದು ಮೂಲ ಇತ್ತು, ಹುಡುಕಿದರೆ ಸಿಗ್ತಿತ್ತು. ಮೂಲವೇ ಇಲ್ಲದ ಸುದ್ದಿ ಹೇಗಿರುತ್ತೆ ಅನ್ನೋದಕ್ಕೆ ಮಳವಳ್ಳಿ ತಾಲ್ಲೂಕಿನ ನೆಟ್ಕಲ್‌ನ ‘ಡ್ರೋನ್ ಪ್ರತಾಪ್’ ಕಥೆ ನೆನಪಿಸ್ಕೊಳ್ಳಿ. ನೂರಾರು ಡ್ರೋನ್, ವಿದೇಶಿ ಪದಕ, ಡಿಆರ್‌ಡಿಒದಲ್ಲಿ ನೇಮಕ ಅಂತ ಮೆಸೇಜುಗಳು ಓಡಾಡಿದವು. ಚಾನೆಲ್ ನೋಡಿ ಸಂಘದವರು ಸನ್ಮಾನ ಮಾಡಿದರು, ಸನ್ಮಾನದ ಫೋಟೊ ನೋಡಿ ಇನ್ನೊಬ್ಬರು ನಂಬಿದರು. 2020ರ ಜುಲೈನಲ್ಲಿ ಫ್ಯಾಕ್ಟ್‌ಚೆಕ್ ಮಾಡುವವರು ಮೂಲ ಹುಡುಕಿದಾಗ ಆ ಮಾತುಗಳಿಗೆ ಆಧಾರ ಸಿಗಲಿಲ್ಲ. ಹತ್ತು ಕಡೆ ಬಂದಿದೆ ಅಂದ್ರೆ ಹತ್ತು ಸಾಕ್ಷಿ ಅಂತಲ್ಲ. ಹತ್ತೂ ಒಂದನ್ನೇ ನೋಡಿ ಬರೆದಿರಬಹುದು.

ಹಾಗಂತ ಎಲ್ಲಾ ಸುದ್ದೀನೂ ಸುಳ್ಳು ಅಂತ ಕೂರೋದು ಸೋಮಾರಿತನ. ಮರಳಗಾಲದ ಬಂಡೆಯಲ್ಲಿ ಲಿಥಿಯಂ ಇರೋದು ನಿಜ. ಸಂಶಯ ಇರಬೇಕಾದ್ದು ‘ಎಷ್ಟು’ ಮತ್ತು ‘ಯಾವಾಗ’ ಅನ್ನೋದರ ಮೇಲೆ. ಅದಕ್ಕೆ ಮೂರು ಪ್ರಶ್ನೆ ಸಾಕು. ಅಳೆದವರು ಯಾರು, ಹೇಳಿದವರು ಯಾರು? ಈ ಅಂಕಿ ಮೊದಲು ಬಂದಿದ್ದು ಯಾವ ವರ್ಷ? ಅದರ ಪಕ್ಕ ಇದ್ದ ಯಾವ ಪದವನ್ನು ಹೆಡ್‌ಲೈನ್ ನುಂಗಿದೆ?

ಈ ಕೆಲಸ ನಮ್ಮ ಮೇಲೇ ಬೀಳೋದಕ್ಕೆ ಕಾರಣ ಇದೆ. ಮದ್ದೂರಿಗೋ ಮಳವಳ್ಳಿಗೋ ರಜೆಗೆ ಹೋದಾಗ ಅಜ್ಜಿ ಕೇಳೋದು ಪಿಟಿಐನ ಅಲ್ಲ, ನಮ್ಮನ್ನ: ‘ಏನ್ಲಾ ಮಗ, ನಮ್ ಜಿಲ್ಲೇಲಿ ಬ್ಯಾಟ್ರಿ ಲೋಹ ಸಿಕ್ತಂತೆ, ದಿಟ್ವಾ? ಅಲ್ಲಿ ಜಮೀನ್ ಇರೋರ್ಗೆಲ್ಲ ದುಡ್ಡಂತೆ?’ ಆಗ ಆ ಮನೆ ಪಾಲಿಗೆ ಮೂಲ ನಾವೇ. ‘ಇದೆ ಕಣಜ್ಜಿ, ಎಷ್ಟು ಅಂತ ಇನ್ನೂ ಅಗೆದು ನೋಡ್ಬೇಕು’ ಅಂತ ಹೇಳೋಕೆ ಐದು ನಿಮಿಷದ ಓದು ಸಾಕು.