ಭಯದ ಕಾದಂಬರಿಗಳೂ ಗೃಹಸ್ಥರ ವಾಚನವೂ

ಭಯವನ್ನು ಹುಟ್ಟಿಸುವ ಕಾದಂಬರಿಗಳನ್ನು ಮನೆಯಲ್ಲಿ ಇಡಬಹುದೆ, ಮಕ್ಕಳ ಕೈಗೆ ಕೊಡಬಹುದೆ ಎಂದು ಅನೇಕ ಗೃಹಸ್ಥರು ಕೇಳುವುದುಂಟು. ಅಬ್ಬಿಗೆರೆಯ ನಮ್ಮ ಮನೆಯಲ್ಲಿ ಕುಳಿತು ಅಂತಹ ಕೆಲವು ಗ್ರಂಥಗಳನ್ನು ಈಚೆಗೆ ಓದಿದೆನು. ಆ ವಿಷಯದಲ್ಲಿ ನನಗೆ ತೋರಿದುದನ್ನು ವಾಚಕ ಮಹಾಶಯರಲ್ಲಿ ಅರಿಕೆಮಾಡುವೆನು.

ಭಯವು ಸಾಹಿತ್ಯಕ್ಕೆ ಹೊಸತಲ್ಲ. ಭರತಮುನಿಯು ಭಯಾನಕವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿರುವನು. ಇದಕ್ಕೆ ಅಭಿನವಗುಪ್ತಾಚಾರ್ಯರು ಕೊಟ್ಟ ಉದಾಹರಣೆ, ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಅಂಜಿ ಓಡುವ ಜಿಂಕೆ. ಜಿಂಕೆಗೆ ಅದು ಪ್ರಾಣಸಂಕಟ, ಸಹೃದಯನಿಗಾದರೋ ಆಸ್ವಾದ. ತನ್ನ ಭಯ, ಪರರ ಭಯ ಎಂಬ ಭೇದವು ಅಳಿದಾಗಲೇ ಅದು ರಸವಾಗುವುದು.

ಈ ಒರೆಗಲ್ಲಿಗೆ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ತಿಕ್ಕಿ ನೋಡೋಣ. ತೆಲುಗಿನಿಂದ ಕನ್ನಡಕ್ಕೆ ಬಂದು, 1985ರಲ್ಲಿ ಚಲಚ್ಚಿತ್ರವೂ ಆದ ಕಥೆಯಿದು. ಎಳೆಯ ಹುಡುಗಿಯೊಬ್ಬಳ ಮೇಲೆ ನಡೆಯುವ ಕ್ಷುದ್ರಪ್ರಯೋಗವೇ ಇದರ ವಸ್ತು. ಕಥನದ ಬಿಗಿ ಶ್ಲಾಘ್ಯವೇ ಸರಿ. ಆದರೆ ಮಾಟಮಂತ್ರವನ್ನು ಮೊದಲೇ ನಂಬಿದ ಓದುಗನಲ್ಲಿ ಈ ಭಯವು ರಸವಾಗದೆ, ನೆರೆಮನೆಯವರ ಮೇಲಣ ಸಂಶಯವಾಗಿ ಉಳಿಯುವುದು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಲಿನ ಜನರು ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುದನ್ನು ಬಲ್ಲವರಿಗೆ ಇದು ಅತಿಶಯೋಕ್ತಿಯೆನಿಸದು. ವಾಮಾಚಾರಾದಿ ಅಮಾನುಷ ಪದ್ಧತಿಗಳನ್ನು ತಡೆಯಲು ಕರ್ನಾಟಕಕ್ಕೆ 2017ರ ಶಾಸನವೇ ಬೇಕಾಯಿತು.

ಜಾರ್ಜ್ ಆರ್ವೆಲ್ಲನು 1949ರಲ್ಲಿ ಪ್ರಕಟಿಸಿದ ‘ನೈನ್ಟೀನ್ ಎಯ್ಟಿ-ಫೋರ್’ ಬೇರೆ ಬಗೆಯದು. ಅಲ್ಲಿ ಪ್ರಭುತ್ವವು ಹಳೆಯ ಪತ್ರಿಕೆಗಳನ್ನು ತಿದ್ದಿಸುವುದು. ನಿಘಂಟನ್ನು ವರುಷ ವರುಷಕ್ಕೂ ತೆಳ್ಳಗಾಗಿಸುವುದು. ‘ಕೆಟ್ಟದು’ ಎಂಬ ಶಬ್ದವೇ ಬೇಡ, ‘ಒಳ್ಳೆಯದಲ್ಲದ್ದು’ ಎಂದರೆ ಸಾಕೆಂಬುದು ಅಲ್ಲಿಯ ನೀತಿ. ಒಂದು ಅರ್ಥಕ್ಕೆ ಹತ್ತು ಶಬ್ದಗಳನ್ನು ಕಲಿಸುವ ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದ ನನಗೆ, ಯಾವ ಪಿಶಾಚಿಗಿಂತಲೂ ಈ ನಿಘಂಟೇ ಭಯಂಕರವಾಗಿ ಕಂಡಿತು. ಶಬ್ದವೇ ಹೋದಮೇಲೆ ಅನ್ಯಾಯವನ್ನು ಅನ್ಯಾಯವೆಂದು ಹೇಳುವುದಾದರೂ ಹೇಗೆ?

ನಮ್ಮಲ್ಲಿಯೂ ಇದಕ್ಕೆ ಸಮೀಪದ ಕೃತಿಯೊಂದುಂಟು: ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆದ ಈ ಕಾದಂಬರಿಯಲ್ಲಿ ಕೆಸರೂರೆಂಬ ಮಲೆನಾಡಿನ ಊರು ಜಾತಿದ್ವೇಷದಿಂದಲೂ ಪರಸ್ಪರ ಸಂಶಯದಿಂದಲೂ ಕೊಳೆತು, ಕಡೆಗೆ ಅಗ್ನಿಗೆ ಆಹುತಿಯಾಗುವುದು. ನಗಿಸುತ್ತ ನಗಿಸುತ್ತಲೇ ಗ್ರಂಥಕರ್ತರು ನಮ್ಮನ್ನು ಆ ಬೆಂಕಿಯ ಅಂಚಿಗೆ ತಂದು ನಿಲ್ಲಿಸುವರು.

ಪುರಾಣಗಳು ಕಲಿಯುಗದ ಕೇಡನ್ನು ಕಾಲದ ಮೇಲೆ ಹೊರಿಸಿದುವು. ಈ ಇಬ್ಬರಾದರೋ ಮನುಷ್ಯನ ಮೇಲೆ ಹೊರಿಸಿರುವರು. ಮನುಷ್ಯನು ಮಾಡಿದುದನ್ನು ಮನುಷ್ಯನೇ ತಡೆಯಬಲ್ಲನಷ್ಟೆ. ಆದುದರಿಂದ ಪುಸ್ತಕವನ್ನು ಬಚ್ಚಿಡುವುದಕ್ಕಿಂತ, ಬುದ್ಧಿ ಬಲಿತ ಮಕ್ಕಳೊಡನೆ ಕುಳಿತು ಓದುವುದು ಲೇಸು. ಓದಿ ಮುಗಿದಮೇಲೆ ಅವರನ್ನು ಒಂದು ಮಾತು ಕೇಳಿರಿ: ಈ ಕಥೆಯಲ್ಲಿ ಭಯದಿಂದ ಲಾಭಪಡೆದವರು ಯಾರು?