ಹಮಾಲರ ಐವತ್ತು ರೂಪಾಯಿ ಮತ್ತು ಯುದ್ಧಕ್ಕೆ ಮನೆ ಕಳೆದುಕೊಂಡವರು

ಎಲ್ಲಾದರೂ ಯುದ್ಧದ ಸುದ್ದಿ ಬಂತೆಂದರೆ ನಮ್ಮ ಹೊರನಾಡ ಸಂಘಗಳಲ್ಲಿ ಎರಡು ಮಾತು ಎದ್ದೇ ಏಳುತ್ತವೆ. ಒಂದು, "ಪಾಪ, ಏನಾದರೂ ಮಾಡೋಣ." ಇನ್ನೊಂದು, "ನಮ್ಮವರೇ ಇಲ್ಲಿ ತಗಡಿನ ಕೆಳಗೆ ಮಲಗುವಾಗ ದೂರದವರ ಗೊಡವೆ ನಮಗೇಕೆ?" ಎರಡರಲ್ಲೂ ನ್ಯಾಯವಿದೆ. ಹೆಚ್ಚಿನ ಸಲ ಈ ಎರಡು ಮಾತುಗಳ ನಡುವೆ ಸಭೆ ಮುಗಿದು, ಚಹಾ ಕುಡಿದು, ಎಲ್ಲರೂ ಲೋಕಲ್ ಹಿಡಿದು ಮನೆಗೆ ಹೋಗುತ್ತೇವೆ.

ತುರ್ಭೆಯಲ್ಲಿ ಈ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬಿಟ್ಟು ಏಳಲು ಆಗುವುದಿಲ್ಲ. ಯಾಕೆಂದರೆ ಇಲ್ಲಿನ ಕನ್ನಡಿಗರಲ್ಲಿ ಬಹಳ ಮಂದಿ ತಾವೇ ಊರು ಬಿಟ್ಟು ಬಂದವರು. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯಿಂದ ಬರಗಾಲಕ್ಕೆ ಹೆದರಿ ಬಂದವರು ಮೊದಲು ಪಾರಸಿಕ ಗುಡ್ಡದ ಕಲ್ಲುಗಣಿಗಳಲ್ಲಿ ಕಲ್ಲು ಒಡೆದರು, ನಂತರ ಕಟ್ಟಡಗಳಿಗೆ ಕಬ್ಬಿಣ ಹೊತ್ತರು, ಈಗ ಅವರ ಮಕ್ಕಳು ಎಪಿಎಂಸಿಯಲ್ಲಿ ಮೂಟೆ ಹೊರುತ್ತಾರೆ, ಟೆಂಪೊ ಓಡಿಸುತ್ತಾರೆ. ನಾನು ಅಲ್ಲಿಯೇ ದಾಣಾ ಬಂದರಿನ ಒಂದು ಬೇಳೆ ಅಂಗಡಿಯಲ್ಲಿ ಗುಮಾಸ್ತ. ಲೆಕ್ಕ ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ಚಿಕ್ಕ ಕನ್ನಡ ಗುಂಪಿನ ಹಣದ ಚೀಲವೂ ನನ್ನ ಹತ್ತಿರವೇ ಇದೆ.

2025ರ ಮೇ ತಿಂಗಳಲ್ಲಿ ಜಮ್ಮುವಿನ ಪೂಂಛ್ ಕಡೆ ಗಡಿಯಾಚೆಯಿಂದ ಶೆಲ್ ಬಿದ್ದು ಹಳ್ಳಿಗಳ ಜನ ಮನೆ ಬಿಟ್ಟು ಹೋದರಲ್ಲ, ಆಗ ನಮ್ಮಲ್ಲೂ ಪಟ್ಟಿ ಎತ್ತುವ ಮಾತು ಬಂತು. ಒಬ್ಬರು ಅದೇ ಹಳೆಯ ಪ್ರಶ್ನೆ ಕೇಳಿದರು: "ನಮ್ಮವರಿಗೇ ಇಲ್ಲ, ಅವರಿಗೆಲ್ಲಿಂದ ಕೊಡೋದು?" ಹಿಂದೆ ಕೂತಿದ್ದ ಸಿಂಧನೂರು ಕಡೆಯ ಹಿರಿಯ ಹಮಾಲರೊಬ್ಬರು ಎದ್ದು ನಿಂತು ಹೇಳಿದರು: "ನಮ್ಮ ಸಿಂಧನೂರಾಗ ಬಂಗಾಳಿ ಮಂದೀ ಕ್ಯಾಂಪ್ ಅದಾವ್ರೀ. ಅವ್ರೂ ಉಟ್ಟ ಬಟ್ಟೀಲೆ ಬಂದವ್ರ. ಅವತ್ತು ಯಾರರೆ ಕೊಟ್ಟಿದ್ದಕ್ಕ ಇವತ್ತು ಭತ್ತಾ ಬೆಳೀತಾರ. ನನ್ನವು ಐವತ್ತು ಬರ್ಕೋರಿ." ಆಮೇಲೆ ಯಾರೂ ಬೇಡ ಎನ್ನಲಿಲ್ಲ. ಆದರೆ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: ಈ ಐವತ್ತು ರೂಪಾಯಿ ನಿಜವಾಗಿ ಅವರ ಕೈಗೆ ಮುಟ್ಟುತ್ತದೆಯೇ?

ಈ ಲೇಖನ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ನಮ್ಮ ದಾರಿಯಲ್ಲೇ ಇರುವ ಒಂದು ಕ್ಯಾಂಪ್

ನವಿ ಮುಂಬಯಿಯಿಂದ ಬೆಳಗಾವಿ, ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವರೆಲ್ಲ ಕೊಲ್ಹಾಪುರದ ಪಕ್ಕದಲ್ಲೇ ಹಾದುಹೋಗುತ್ತಾರೆ. ಆ ಊರಿಗೆ ಹತ್ತಿಕೊಂಡಂತೆ ವಳಿವಡೆ ಎಂಬ ಹಳ್ಳಿಯಿದೆ. ಎರಡನೇ ಮಹಾಯುದ್ಧದಲ್ಲಿ ಮನೆಮಠ ಕಳೆದುಕೊಂಡು, ಸೋವಿಯತ್ ದೇಶದ ಶಿಬಿರಗಳಿಂದ ಇರಾನಿನ ಮೂಲಕ ಬಂದ ಸುಮಾರು 5,000 ಪೋಲೆಂಡಿನವರು 1943ರಿಂದ 1948ರವರೆಗೆ ಅಲ್ಲಿ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಅವರಿಗೆ ಅಲ್ಲಿ ಶಾಲೆ, ಇಗರ್ಜಿ, ಆಸ್ಪತ್ರೆ ಎಲ್ಲ ಇತ್ತು. ಅದಕ್ಕೂ ಮುಂಚೆ ಗುಜರಾತಿನ ನವಾನಗರದ ಜಾಮ್ ಸಾಹೇಬರು ಬಾಲಾಚಡಿಯಲ್ಲಿ ಪೋಲೆಂಡಿನ ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟಿದ್ದರು.

ಪೋಲೆಂಡಿನವರು ಹೋದ ಮೇಲೆ ಆ ಸಾಲುಮನೆಗಳು ಖಾಲಿ ಉಳಿಯಲಿಲ್ಲ. ದೇಶ ವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದವರು ಅಲ್ಲಿಯೇ ನೆಲೆಸಿದರು. ಅದೇ ಇಂದಿನ ಗಾಂಧಿನಗರ. ನಮ್ಮ ಬೆಳಗಾವಿ, ಚಿಕ್ಕೋಡಿ ಕಡೆಯವರು ಮದುವೆ ಜವಳಿಗೆ ಹೋಗುವ ಸಗಟು ಬಟ್ಟೆಪೇಟೆ. ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಜಾಗದಲ್ಲಿ ಮತ್ತೊಂದು ಮನೆ ಕಳೆದುಕೊಂಡ ಗುಂಪು ಬಂದು ಬದುಕು ಕಟ್ಟಿಕೊಂಡಿತು. ನಮ್ಮ ಕಲ್ಯಾಣದ ಪಕ್ಕದ ಉಲ್ಲಾಸನಗರದ ಕತೆಯೂ ಇದೇ: ಯುದ್ಧಕಾಲದ ಮಿಲಿಟರಿ ಕ್ಯಾಂಪಿನಲ್ಲಿ ಸಿಂಧಿ ನಿರಾಶ್ರಿತರು ಇಳಿದರು, 1949ರಲ್ಲಿ ಅದಕ್ಕೆ ಈ ಹೆಸರು ಬಂತು. ನೆರವು ಪಡೆದವರು ಸದಾ ಕೈಚಾಚುತ್ತಲೇ ಇರುತ್ತಾರೆ ಎನ್ನುವವರು ಒಂದು ದಿನ ಉಲ್ಲಾಸನಗರದ ಪೇಟೆ ಸುತ್ತಿ ಬರಲಿ.

ನಮ್ಮ ಗಡಿನಾಡಿನಿಂದ ಹೊರದೇಶಕ್ಕೆ ನೆರವು ಹೋದದ್ದೂ ಇದೆ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ ಚೀನಾಕ್ಕಾಗಿ ಕಾಂಗ್ರೆಸ್ ಕರೆ ಕೊಟ್ಟಾಗ ಜನರಿಂದ ಸೇರಿದ್ದು 22,000 ರೂಪಾಯಿ. ಅದರ ಜೊತೆಗೆ ಒಂದು ಆಂಬ್ಯುಲೆನ್ಸ್ ಮತ್ತು ಐವರು ವೈದ್ಯರು. ಆ ಐವರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರೂ ಒಬ್ಬರು. ಮುಂಬಯಿ ಬಂದರಿನಿಂದ ಹೊರಟ ಅವರು ಮತ್ತೆ ಮರಳಲಿಲ್ಲ. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ನಾವೇ ಪರರ ಆಳ್ವಿಕೆಯಲ್ಲಿದ್ದ ಕಾಲವದು. "ಮೊದಲು ನಮ್ಮದು ನೆಟ್ಟಗಾಗಲಿ" ಎಂದು ಕೂತಿದ್ದರೆ ಆ ಹಡಗು ಹೊರಡುತ್ತಲೇ ಇರಲಿಲ್ಲ.

ಐದು ಪೈಸೆಯ ಚೀಟಿ, ನ್ಯೂಯಾರ್ಕಿನ ಕಚೇರಿ

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಮ್ಮ ದೇಶಕ್ಕೆ ಬಂದಾಗ ಸರ್ಕಾರ ದೇಶದ ಪ್ರತಿ ಮನೆಯಿಂದ ಪಟ್ಟಿ ಎತ್ತಿತು ಎನ್ನಬಹುದು. ಆ ವರ್ಷ ನವೆಂಬರ್ 15ರಿಂದ ಅಂಚೆಯ ಮೇಲೆ ಐದು ಪೈಸೆಯ ನಿರಾಶ್ರಿತ ಪರಿಹಾರ ತೆರಿಗೆ ಬಂತು. ಪತ್ರದ ಮೇಲೆ ಮಾಮೂಲು ಚೀಟಿಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಚೀಟಿ ಅಂಟಿಸಬೇಕಿತ್ತು. 1973ರ ಮಾರ್ಚ್ ಕೊನೆಯವರೆಗೂ ಅದು ನಡೆಯಿತು. ಹಳೆಯ ಟ್ರಂಕುಗಳಲ್ಲಿ ಊರಿನ ಪತ್ರಗಳನ್ನು ಇಟ್ಟುಕೊಂಡ ಮುಂಬಯಿ ಕನ್ನಡಿಗರು ಒಮ್ಮೆ ತೆಗೆದು ನೋಡಿ. ಆ ಚೀಟಿ ಸಿಕ್ಕೀತು. ಊರಿಗೆ ಕ್ಷೇಮಸಮಾಚಾರ ಬರೆದವರೆಲ್ಲ, ತಿಳಿದೋ ತಿಳಿಯದೆಯೋ, ಒಬ್ಬ ನಿರಾಶ್ರಿತನ ಅನ್ನಕ್ಕೆ ಐದು ಪೈಸೆ ಕೊಟ್ಟಿದ್ದರು.

ಅದೇ ವರ್ಷ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಸಂಗೀತ ಕಾರ್ಯಕ್ರಮ ಜಗತ್ತಿಗೇ ಹೆಸರಾಯಿತು. ಟಿಕೆಟ್ ಮಾರಾಟದಿಂದ ಬಂದ ಸುಮಾರು 2.43 ಲಕ್ಷ ಡಾಲರ್ ಬೇಗನೆ ಯುನಿಸೆಫ್‌ಗೆ ಹೋಯಿತು. ಆದರೆ ಆಮೇಲೆ ಬಂದ ರೆಕಾರ್ಡು, ಸಿನಿಮಾದ ದೊಡ್ಡ ಮೊತ್ತ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕಾರ್ಯಕ್ರಮಕ್ಕೆ ಮೊದಲೇ ಧರ್ಮಾರ್ಥದ ಕಾಗದಪತ್ರ ಸರಿಮಾಡಿರಲಿಲ್ಲ ಎಂಬುದೇ ಕಾರಣ. ಯಕ್ಷಗಾನ, ನಾಟಕಗಳ "ಸಹಾಯಾರ್ಥ ಪ್ರದರ್ಶನ" ನಡೆಸುವುದರಲ್ಲಿ ಪಳಗಿದ ನಮ್ಮ ಸಂಘಗಳು ನೆನಪಿಡಬೇಕಾದ ಪಾಠವಿದು. ಒಳ್ಳೆಯ ಮನಸ್ಸು ಎಷ್ಟೇ ದೊಡ್ಡದಿರಲಿ, ಕಾಗದ ಸರಿ ಇಲ್ಲದಿದ್ದರೆ ಹಸಿದವರಿಗೆ ಅನ್ನ ತಡವಾಗುತ್ತದೆ.

ನಮ್ಮವರೇ ಓಡಿ ಬಂದಾಗ

ಯುದ್ಧ ದೂರದ್ದು ಎನ್ನುವ ಮಾತು ಕರಾವಳಿಯವರ ಮುಂದೆ ನಡೆಯುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಆಗ ಅಲ್ಲಿದ್ದ ಭಾರತೀಯರಲ್ಲಿ ಮಂಗಳೂರು, ಉಡುಪಿಯ ಕುಟುಂಬಗಳೂ ಇದ್ದವು. ಜನ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು. ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ನಡೆಸಿ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕರೆತಂದಿತು. ಬಹಳ ಮಂದಿ ಇಳಿದದ್ದು ನಮ್ಮ ಸಹಾರ್ ವಿಮಾನ ನಿಲ್ದಾಣದಲ್ಲಿಯೇ, ಬರಿಗೈಯಲ್ಲಿ. ವರ್ಷಗಟ್ಟಲೆ ದುಡಿದ ಹಣ ಕುವೈತಿನ ಬ್ಯಾಂಕಿನಲ್ಲೇ ಉಳಿದಿತ್ತು.

ಅವರಿಗೆ ಪರಿಹಾರ ಸಿಗಲಿಲ್ಲವೆಂದಲ್ಲ. ವಿಶ್ವಸಂಸ್ಥೆ 1991ರಲ್ಲಿ ಪರಿಹಾರ ಆಯೋಗ ರಚಿಸಿ, ಇರಾಕಿನ ತೈಲದ ಆದಾಯದಿಂದ ಹಣ ಕೊಡಿಸಿತು. ಕುವೈತ್ ಬಿಟ್ಟು ಬಂದ ಒಬ್ಬೊಬ್ಬರಿಗೆ 2,500 ಅಥವಾ 4,000 ಡಾಲರ್, ಕುಟುಂಬಕ್ಕೆ 5,000 ಅಥವಾ 8,000 ಡಾಲರ್ ನಿಗದಿಯಾಯಿತು. ಆದರೆ ಅದು ಕೈಗೆ ಬಂದದ್ದು ವರ್ಷಗಳ ಮೇಲೆ. ನಿಲ್ದಾಣದಲ್ಲಿ ಇಳಿದ ದಿನ ಊರಿನ ಬಸ್ಸಿಗೆ, ಮಗುವಿನ ಹಾಲಿಗೆ, ಮುಂದಿನ ತಿಂಗಳ ಶಾಲೆಯ ಫೀಸಿಗೆ ಬೇಕಾಗುವ ದುಡ್ಡು ನೆಂಟರಿಷ್ಟರು, ನೆರೆಹೊರೆಯವರಿಂದಲೇ ಬರಬೇಕು. ನಮ್ಮಂಥ ಚಿಕ್ಕ ಗುಂಪುಗಳ ಜಾಗ ಇದೇ ಎಂದು ನನಗೆ ಅನ್ನಿಸುತ್ತದೆ. ಸರ್ಕಾರ ಮಾಡುವ ಕೆಲಸ ನಮ್ಮಿಂದ ಆಗದು. ಸರ್ಕಾರ ಬರುವವರೆಗಿನ ದಿನಗಳನ್ನು ದಾಟಿಸಬಹುದು.

ಇತ್ತೀಚಿನ ಉದಾಹರಣೆ 2023ರದ್ದು. ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಹತ್ತಿತು. ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಕೊಂಡರು. "ಆಪರೇಷನ್ ಕಾವೇರಿ" ಮೂಲಕ ಅವರೂ ಸೇರಿ ಸುಮಾರು 3,800ಕ್ಕೂ ಹೆಚ್ಚು ಭಾರತೀಯರು ಮರಳಿದರು. ವಿಮಾನ ಜೀವ ಉಳಿಸಿತು. ಅಲ್ಲಿ ಬಿಟ್ಟು ಬಂದ ಸರಕು, ಇಲ್ಲಿ ಮಾಡಿದ ಸಾಲ ಮಾತ್ರ ಹಾಗೆಯೇ ಉಳಿಯಿತು. ಊರಿಗೆ ಮರಳಿದವರ ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ನಾವು ಅವರನ್ನು ಮರೆಯುತ್ತೇವೆ, ಸಾಲಗಾರ ಮರೆಯುವುದಿಲ್ಲ.

ಪಟ್ಟಿ ಎತ್ತುವ ಮುನ್ನ

ಈಗ ಲೆಕ್ಕದ ಮಾತು. ನಮ್ಮ ಗುಂಪಿನಲ್ಲಿ ಪಾಲಿಸುವ ಕೆಲವು ಸಂಗತಿಗಳನ್ನು ಬರೆಯುತ್ತೇನೆ.

ಒಂದು, ಅನುಮತಿ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಸಿ ಕಲಮಿನಡಿ ಗಣೇಶೋತ್ಸವ ಮಂಡಲಗಳು ಪ್ರತಿ ವರ್ಷ ಚಾರಿಟಿ ಕಮಿಷನರ್ ಕಚೇರಿಯಿಂದ ವರ್ಗಣಿಗೆ ಅನುಮತಿ ಪಡೆಯುವುದನ್ನು ನೋಡಿದ್ದೀರಿ. ನೋಂದಣಿಯಾಗದ ಗುಂಪು ಸಾರ್ವಜನಿಕರಿಂದ ಹಣ ಎತ್ತುವ ಮುನ್ನ ಆ ಕಚೇರಿಯಲ್ಲಿ ವಿಚಾರಿಸಬೇಕು. ಇಲ್ಲದಿದ್ದರೆ ಸುಲಭದ ದಾರಿ: ಹಣ ಎತ್ತುವುದನ್ನೇ ಬಿಟ್ಟು, ಸದಸ್ಯರು ತಮ್ಮ ತಮ್ಮ ಹೆಸರಿನಲ್ಲಿ ನೇರ ಕೊಡುವಂತೆ ಮಾಡುವುದು.

ಎರಡು, ಹೊರದೇಶ. ಇಲ್ಲಿನ ಟ್ರಸ್ಟ್ ತನ್ನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ ಆದಾಯ ತೆರಿಗೆಯ ವಿನಾಯಿತಿಗೆ ತೊಂದರೆಯಾಗುತ್ತದೆ. ಹಾಗಾಗಿ ಸುಡಾನ್, ಗಾಜಾ, ಉಕ್ರೇನಿನವರಿಗೆ ಕೊಡಬೇಕೆನ್ನುವವರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ಯುನಿಸೆಫ್‌ನಂಥ ಕಡೆ ತಾವೇ ಕೊಡುವುದು ಮೇಲು. ಹೊರಗಿನಿಂದ ಹಣ ತರಿಸುವಾಗಲೂ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವ ದುಬೈಯ ತಮ್ಮ ತನ್ನ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ಹಣವಲ್ಲ; ಅಮೆರಿಕದ ಪೌರನಾದ ಅಣ್ಣ ಕೊಟ್ಟರೆ ವಿದೇಶಿ ಹಣ, ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು.

ಮೂರು, ನಗದು. ದೇಣಿಗೆಗೆ ತೆರಿಗೆ ರಿಯಾಯಿತಿ ಬೇಕೆಂದರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಉಪಯೋಗವಿಲ್ಲ. ಐವತ್ತೇ ಇರಲಿ, ರಸೀದಿ ಕೊಡಿ. ಹಮಾಲರ ಐವತ್ತಕ್ಕೆ ರಸೀದಿ ಕೊಟ್ಟರೆ ಮುಂದಿನ ಸಲ ಅವರು ಕರೆಯದೆ ಬರುತ್ತಾರೆ.

ನಾಲ್ಕು, ಹಳೆ ಬಟ್ಟೆ. ನೆರೆ, ಭೂಕಂಪ, ಯುದ್ಧ ಯಾವುದೇ ಆಗಲಿ, ನಮ್ಮ ಕಪಾಟು ಖಾಲಿ ಮಾಡುವ ನೆಪ ಆಗಬಾರದು. ಲಾರಿ ಬಾಡಿಗೆಯ ದುಡ್ಡಿನಲ್ಲಿ ಅಲ್ಲಿಯ ಅಂಗಡಿಯಲ್ಲೇ ಅಕ್ಕಿ, ಹೊದಿಕೆ ಕೊಂಡರೆ ಅಲ್ಲಿನ ವ್ಯಾಪಾರವೂ ಉಳಿಯುತ್ತದೆ.

ಪೂಂಛಿನವರಿಗಾಗಿ ನಮ್ಮವರು ತಂದ ಹಣವನ್ನು ಅವರವರ ಹೆಸರಿನಲ್ಲೇ ಸರ್ಕಾರಿ ನಿಧಿಗೆ ಆನ್‌ಲೈನ್ ಮೂಲಕ ಕಟ್ಟಿದೆವು. ಮೊತ್ತ ದೊಡ್ಡದಲ್ಲ. ಫೋನಿನಲ್ಲಿ ಬಂದ ರಸೀದಿಯನ್ನು ಆ ಹಿರಿಯರಿಗೆ ಓದಿ ಹೇಳಿದಾಗ, "ನನ್ನ ಹೆಸರು ಅದರಾಗ ಐತೇನ್ರೀ?" ಎಂದು ಎರಡು ಸಲ ಕೇಳಿದರು.

2024ರ ಕೊನೆಗೆ ಜಗತ್ತಿನಲ್ಲಿ ಯುದ್ಧ, ಹಿಂಸೆಗಳಿಂದ ನೆಲೆ ತಪ್ಪಿದವರು ಸುಮಾರು 12.3 ಕೋಟಿ ಎಂದು ವಿಶ್ವಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಹೆಚ್ಚಿನವರು ತಮ್ಮ ದೇಶದೊಳಗೇ ಇನ್ನೊಂದು ಊರಿಗೆ ಓಡಿದವರು. ಈ ಸಂಖ್ಯೆ ನೋಡಿ ನಮ್ಮಿಂದ ಏನಾದೀತು ಎನ್ನಿಸುವುದು ಸಹಜ. ಅದಕ್ಕಾಗಿಯೇ ನನ್ನದೊಂದು ಚಿಕ್ಕ ಸೂಚನೆ. ನವೆಂಬರಿನಲ್ಲಿ ನಮ್ಮ ಸಂಘಗಳೆಲ್ಲ ರಾಜ್ಯೋತ್ಸವ ಮಾಡುತ್ತವೆ. ಶಾಲು, ಹಾರ, ಫಲಕ, ಊಟದ ಖರ್ಚಿನಲ್ಲಿ ಹತ್ತರಲ್ಲಿ ಒಂದು ಪಾಲು ತೆಗೆದು ತುರ್ತು ನಿಧಿಯೆಂದು ಬ್ಯಾಂಕಿನಲ್ಲಿ ಇಡೋಣ. ಅರ್ಧ ತುರ್ಭೆ, ಡೊಂಬಿವಲಿ, ಕಲ್ಯಾಣದ ನಮ್ಮ ಬಡ ಮಕ್ಕಳ ಫೀಸಿಗೆ, ಅರ್ಧ ಮನೆ ಕಳೆದುಕೊಂಡವರಿಗೆ. ಆಗ "ನಮ್ಮವರೋ, ದೂರದವರೋ" ಎಂದು ಪ್ರತಿ ಸಲ ಜಗಳವಾಡಬೇಕಿಲ್ಲ. ಎರಡು ಶಾಲು ಕಡಿಮೆಯಾದರೆ ಸನ್ಮಾನಿತರು ಬೇಸರ ಮಾಡಿಕೊಳ್ಳಲಾರರು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಇಟ್ಟು ನೋಡಿ.